ಎರಡಾಣೆ ವಿಸ್ಕಿ

ಆ ಭಾನುವಾರ ನನಗೆ ಅರವತ್ತೊಂದು ವರ್ಷ. ಈಗ ಮೂರು ವರ್ಷದ ಹಿಂದಿನ ಮಾತು. ಅರವತ್ತರ ಹೆಂಗಸು ವಿಸ್ಕಿಯ ರುಚಿ ಕಲಿತಳು ಎಂದರೆ ನಮ್ಮ ಕಡೆಯವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ. ಕಲಿತದ್ದು ನಿಜ. ಮೂಸಿದೆ, ನಾಲಿಗೆಗೆ ಹಚ್ಚಿಕೊಂಡೆ, ಇದು ಇಷ್ಟು ಒಳ್ಳೆಯದು, ಇದು ಇಷ್ಟು ಕೆಟ್ಟದ್ದು ಎಂದು ಹೇಳಿದೆ. ಒಂದೂವರೆ ವರ್ಷ ಅದೇ ಮಾಡಿದೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ನಿನಗೆ ಹೇಗನ್ನಿಸುತ್ತದೆ ಎಂದು ಒಬ್ಬರು ಕೇಳಿದ್ದು ನನ್ನ ಬಾಳಿನಲ್ಲಿ ಆ ಒಂದೂವರೆ ವರ್ಷ ಮಾತ್ರ.

ನಾನು ಪುಣೆಯ ವಾಕಡದಲ್ಲಿ ಒಂದು ಎತ್ತರದ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಅಡುಗೆ ಮಾಡುತ್ತಿದ್ದೆ. ಮನೆಯಲ್ಲಿ ಒಬ್ಬರೇ. ಧಾರವಾಡದ ಕಡೆಯವರು, ಕಚೇರಿ ಕೆಲಸದಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಅವರನ್ನು ಸಾಹೇಬರು ಎನ್ನುತ್ತಿದ್ದೆ. ನಾನು ವಿಜಯಪುರದ ಕಡೆಯವಳು, ಆದ್ದರಿಂದ ಮನೆಯೊಳಗೆ ಇಬ್ಬರದೂ ಕನ್ನಡವೇ. ಹೊರಗೆ ಕಾಲಿಟ್ಟರೆ ಮರಾಠಿ.

ನನ್ನ ಕೋಣೆ ಆ ಕಟ್ಟಡದ ಹಿಂದೆ, ನಾಲೆ ದಾಟಿದ ಮೇಲೆ. ತಗಡಿನ ಮಾಡು, ಒಂದು ಸಾಲಿನಲ್ಲಿ ಹನ್ನೆರಡು ಕೋಣೆ. ಉಳಿದ ಹನ್ನೊಂದರಲ್ಲಿ ಕಟ್ಟಡ ಕೆಲಸದವರು. ಯಾದಗಿರಿಯವರು, ಕಲಬುರಗಿಯವರು. ಒಂದು ಕಟ್ಟಡ ಮುಗಿದರೆ ಗುಂಪು ಕಟ್ಟಿಕೊಂಡು ಇನ್ನೊಂದು ಕಡೆ ಹೋಗುತ್ತಾರೆ, ಹೊಸಬರು ಬರುತ್ತಾರೆ. ಆರು ತಿಂಗಳು ಉಪ್ಪು ಕೊಟ್ಟು ಮೆಣಸಿನಕಾಯಿ ಇಸಿದುಕೊಂಡವಳು ಒಂದು ಬೆಳಿಗ್ಗೆ ಇರುವುದಿಲ್ಲ. ಮೊದಮೊದಲು ಅವರ ಊರು ಕೇರಿ ಕೇಳುತ್ತಿದ್ದೆ. ಆಮೇಲೆ ಬಿಟ್ಟೆ. ಮಗಳು ಶಿರೂರಿನಲ್ಲಿದ್ದಾಳೆ, ಅವಳಿಗೆ ಅವಳ ಮನೆ. ಗಂಡ ಪಾಕೀಟಿನ ಸಾರಾಯಿ ಕುಡಿದು ಸತ್ತ. ಅವನ ವಿಷಯ ಇಷ್ಟೇ ಸಾಕು.

ಸಾಹೇಬರಿಗೆ ವಿಸ್ಕಿಯ ಹುಚ್ಚು. ಕುಡಿಯುವ ಹುಚ್ಚಲ್ಲ, ರುಚಿ ನೋಡುವ ಹುಚ್ಚು. ಗಾಜಿನ ಕಪಾಟಿನಲ್ಲಿ ನಲವತ್ತು ಬಾಟಲಿ ಇದ್ದವು, ಒಂದೂ ತಿಂಗಳಿಗೆ ನಾಲ್ಕು ಬೆರಳು ಇಳಿಯುತ್ತಿರಲಿಲ್ಲ. ಸಣ್ಣ ಗ್ಲಾಸು, ಕೆಳಗೆ ಹೊಟ್ಟೆ, ಮೇಲೆ ಕುತ್ತಿಗೆ ಕಿರಿದು. ಅದಕ್ಕೆ ಒಂದು ಗುಟುಕು ಹಾಕಿ, ಕಿಟಕಿಗೆ ಹಿಡಿದು ಬಣ್ಣ ನೋಡಿ, ಮೂಸಿ, ನಾಲಿಗೆಯ ಮೇಲೆ ಹೊರಳಿಸಿ, ಡೈರಿಯಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಬರೆಯುತ್ತಿದ್ದರು. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ಇಬ್ಬರು ಗೆಳೆಯರು ಬರುತ್ತಿದ್ದರು, ಇಬ್ಬರೂ ಮರಾಠಿಯವರು. ಒಬ್ಬರಿಗೆ ದೊಡ್ಡ ಮೀಸೆ, ಫೌಜಿನಲ್ಲಿದ್ದವರು. ಇನ್ನೊಬ್ಬರು ತೆಳ್ಳಗಿನವರು, ಹಲ್ಲಿನ ಡಾಕ್ಟರು. ಅವರೂ ಬಾಟಲಿ ತರುತ್ತಿದ್ದರು. ಮೂವರೂ ಮೂಸಿ, ಕೊನೆಗೆ ಸಾಹೇಬರ ಮುಖ ನೋಡುತ್ತಿದ್ದರು. ಸಾಹೇಬರು ಎಷ್ಟು ಎಂದರೆ ಅಷ್ಟು. ಆ ಇಬ್ಬರನ್ನು ಬಿಟ್ಟರೆ ಆ ಮನೆಯ ಬಾಗಿಲು ಬಡಿಯುತ್ತಿದ್ದವರು ಗ್ಯಾಸಿನವನು ಮತ್ತು ನಾನು.

ಆ ದೊಡ್ಡ ರೋಗದ ವರ್ಷ ಸಾಹೇಬರಿಗೂ ಜ್ವರ ಬಂತು. ಉಳಿದುಕೊಂಡರು. ಒಂದು ದಿನ ನಾನು ಬರುವುದಕ್ಕೆ ಹೊತ್ತಾಯಿತು. ಬಾಗಿಲು ತೆರೆಯುವ ಮೊದಲೇ ಹಾಲು ಸೀದ ವಾಸನೆ ಲಿಫ್ಟಿನ ತನಕ ಬಂದಿತ್ತು. ಒಳಗೆ ಹೋದರೆ ಪಾತ್ರೆ ಕಪ್ಪಗಾಗಿ ಹೊಗೆ ಏಳುತ್ತಿದೆ, ಇವರು ಒಲೆಗೆ ಬೆನ್ನು ಹಾಕಿ ನಾಲ್ಕು ಹೆಜ್ಜೆ ದೂರದಲ್ಲಿ ಪೇಪರು ಓದುತ್ತಿದ್ದಾರೆ. ನಾನು ಒಲೆ ಆರಿಸಿದೆ.

"ಸಾಹೇಬ್ರ, ಮೂಗು ಎಲ್ಲಿ ಇಟ್ಟೀರಿ?"

ಅವರು ಪೇಪರು ಮಡಚಿದರು. ಆಮೇಲೆ ಹೇಳಿದರು.

"ಹೋಗೇದವಾ. ಜ್ವರಾ ಬಂದಾಗಿಂದ ಏನೂ ಗೊತ್ತಾಗೂದಿಲ್ಲ. ಸೀಮೆಎಣ್ಣಿ ಒಂದs, ಅತ್ತರ ಒಂದs."

"ಮತ್ತ ಆ ಬಾಟ್ಲಿ?"

"ಹಳೇ ಡೈರಿ ನೋಡಿ ಹೇಳ್ಕೋತ ಹೊಂಟೀನಿ. ಹೊಸಾ ಬಾಟ್ಲಿ ತಂದ್ರ ಸಿಕ್ಕೊಂಡೆ." ಅವರು ನನ್ನ ಕಡೆ ನೋಡದೆ ಹೇಳಿದರು. "ಅವರಿಬ್ರೂ ಬರೂದು ನನ್ನ ಮೂಗಿಗೆ. ಮೂಗು ಹೋತು ಅಂತ ಗೊತ್ತಾದ್ರ ಯಾಕ ಬರ್ತಾರ? ಯಾರ ಮುಂದೂ ಅನಬ್ಯಾಡ."

ನಾನು ಯಾರ ಮುಂದೆ ಅನ್ನಲಿ? ನನಗೆ ಯಾರಿದ್ದರು?

ಆ ವಾರ ಕಪಾಟಿನ ಬಾಟಲಿಗಳನ್ನು ಒರೆಸುವಾಗ ಒಂದರ ಬಿರಡೆ ಸಡಿಲವಾಗಿತ್ತು. ನಾನು ಒರೆಸುತ್ತ, "ಇದು ಒಣದ್ರಾಕ್ಷಿ ಐತಲ್ರಿ, ಗಂಧಕದ ಹೊಗಿ ಹಾಕಿದ್ದು" ಎಂದೆ. ಸಾಹೇಬರು ಎದ್ದು ಬಂದು ಬಾಟಲಿ ನೋಡಿದರು. ಡೈರಿ ತೆಗೆದು ನೋಡಿದರು. ಆಮೇಲೆ ಇನ್ನೊಂದು ಬಾಟಲಿ ತೆರೆದು ನನ್ನ ಮೂಗಿನ ಮುಂದೆ ಹಿಡಿದರು. ಆಮೇಲೆ ಇನ್ನೊಂದು.

ನನ್ನ ಮೂಗಿನಲ್ಲಿ ವಿಶೇಷವೇನೂ ಇಲ್ಲ, ದುಡಿದ ಮೂಗು ಅಷ್ಟೇ. ಪುಣೆಗೆ ಬರುವ ಮೊದಲು ಹನ್ನೊಂದು ವರ್ಷ ನಮ್ಮೂರ ಹತ್ತಿರ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಾಳು ಆರಿಸುತ್ತಿದ್ದೆ. ರಾಶಿಯಲ್ಲಿ ಒಂದು ಹಿಡಿ ಬೂಸಲು ಹಿಡಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಸಿಗುತ್ತದೆ. ಸಿಗದೆ ಹೋದರೆ ಪೆಟ್ಟಿಗೆಯೇ ತಿರುಗಿ ಬರುತ್ತದೆ, ಕೆಲಸವೂ ಹೋಗುತ್ತದೆ. ಅಲ್ಲಿನ ಮುದುಕ ಮೇಸ್ತ್ರಿ ಮಾಲಿಗೆ ಆಣೆಯಲ್ಲಿ ಬೆಲೆ ಕಟ್ಟುತ್ತಿದ್ದ. ಹೊಲದ ಬೆಳೆಯನ್ನೂ ನಮ್ಮ ಹಿರಿಯರು ಹಾಗೇ ಹೇಳುತ್ತಿದ್ದರು: ಈ ಸಲ ಎಂಟಾಣೆ, ಈ ಸಲ ಹನ್ನೆರಡಾಣೆ. ಹದಿನಾರಾಣೆ ಎಂದರೆ ಒಂದು ಕುಂದೂ ಇಲ್ಲದ್ದು. ನೂರಕ್ಕೆ ಎಂಬತ್ತೇಳು, ಎಂಬತ್ತೆಂಟು ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಎಂಬತ್ತೇಳಕ್ಕೂ ಎಂಬತ್ತೆಂಟಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಸಾಹೇಬರಿಗೂ ಹೇಳಲು ಆಗಲಿಲ್ಲ. ನಾನು ಆಣೆಯಲ್ಲಿ ಹೇಳುತ್ತಿದ್ದೆ, ಅವರು ಅಂಕ ಮಾಡಿ ಬರೆದುಕೊಳ್ಳುತ್ತಿದ್ದರು.

ಹೀಗೆ ಶುರುವಾಯಿತು. ಅಡುಗೆ, ಊಟ, ಪಾತ್ರೆ ಮುಗಿದ ಮೇಲೆ ಎರಡು ಗಂಟೆಯಿಂದ ಮೂರರ ತನಕ. ಅವರು ಮೇಜಿನ ಆ ಕಡೆ, ನಾನು ಈ ಕಡೆ. ಮೊದಲ ದಿನ ನೆಲದ ಮೇಲೆ ಕೂತೆ. "ನೆಲದ ಮ್ಯಾಲೆ ಕೂತ್ರ ಬರೇ ಫಿನೈಲ್ ವಾಸನಿ ಬರ್ತದ, ಮ್ಯಾಲೆ ಕೂಡವಾ" ಎಂದರು. ಕುರ್ಚಿಯ ಮೇಲೆ ಕೂತೆ.

ಆ ಕೆಲಸಕ್ಕೂ ಒಂದು ರೀತಿ ಇದೆ. ಅವತ್ತು ತಲೆಗೆ ಎಣ್ಣೆ ಹಚ್ಚಬಾರದು, ಈರುಳ್ಳಿ ಬೆಳಿಗ್ಗೆಯೇ ಹೆಚ್ಚಿ ಮುಗಿಸಬೇಕು. ಗ್ಲಾಸಿಗೆ ಸಾಬೂನು ಮುಟ್ಟಿಸಬಾರದು, ಬರೀ ಬಿಸಿನೀರು, ಆಮೇಲೆ ಬಟ್ಟೆಯ ಮೇಲೆ ಬೋರಲು. ಮೂಗನ್ನು ಗ್ಲಾಸಿನೊಳಗೆ ತುರುಕಬಾರದು, ಸುಡುತ್ತದೆ. ಬಾಯಿ ಸ್ವಲ್ಪ ತೆರೆದು, ದೂರದಿಂದ ಹತ್ತಿರ ಬರಬೇಕು. ಎರಡು ಹನಿ ನೀರು ಬಿದ್ದರೆ ವಾಸನೆ ಬಿಚ್ಚಿಕೊಳ್ಳುತ್ತದೆ. ಎರಡು ಮೂರು ಮೂಸಿದ ಮೇಲೆ ಮೂಗಿಗೆ ಮಂಕು ಹಿಡಿಯುತ್ತದೆ, ಆಗ ನನ್ನ ಸೆರಗನ್ನು ನಾನೇ ಮೂಸುತ್ತಿದ್ದೆ. ತನ್ನ ಮೈವಾಸನೆ ಮೂಗನ್ನು ತೊಳೆಯುತ್ತದೆ. ಇದನ್ನು ಸಾಹೇಬರು ಹೇಳಿಕೊಟ್ಟದ್ದು. ಮೊದಲ ವಾರ ನಾಲಿಗೆಗೆ ಹಚ್ಚಿ ಸಿಂಕಿನಲ್ಲಿ ಉಗುಳಿದೆ. ಎರಡನೇ ವಾರ ಉಗುಳಲಿಲ್ಲ.

ಬಾಟಲಿಯ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಹೆಸರು ನೋಡಿ ಅಂಕ ಕೊಡುವ ಮಾತೇ ಇರಲಿಲ್ಲ. ಅಮೆರಿಕದ ಬರ್ಬನ್ ಗೋವಿನಜೋಳದ್ದಂತೆ, ಪೀಪಾಯಿಯ ಒಳಗನ್ನು ಸುಟ್ಟು ಅದರಲ್ಲಿ ಇಡುತ್ತಾರಂತೆ. ಅದರಲ್ಲಿ ಬೆಲ್ಲದ ಪಾಕ, ಕೆನೆಹಾಲು, ಹೊಸ ಬಾಗಿಲಿಗೆ ತೂತು ಕೊರೆದಾಗಿನ ಕಟ್ಟಿಗೆಯ ಪುಡಿ, ಎಲ್ಲ ಸಿಗುತ್ತಿತ್ತು. ಮೊದಲ ಗುಟುಕಿಗೇ ಮನಸ್ಸಿಗೆ ಬರುವಂಥದ್ದು, ಆದರೆ ಮೂರನೇ ಗುಟುಕಿಗೆ ಹಬ್ಬದ ಮನೆಯಲ್ಲಿ ಜಾಸ್ತಿ ಬಡಿಸಿದಂತಾಗುತ್ತದೆ. ಹತ್ತಾಣೆಯಿಂದ ಹನ್ನೆರಡಾಣೆ. ಸ್ಕಾಟ್ಲೆಂಡಿನ ಹೊಗೆಯ ವಿಸ್ಕಿ ಇದೆ, ನೆಲದಿಂದ ಅಗೆದ ಕೆಸರುಹೆಂಟೆ ಸುಟ್ಟು ಆ ಹೊಗೆಯಲ್ಲಿ ಕಾಳು ಒಣಗಿಸುತ್ತಾರಂತೆ. ಮೂಸಿದರೆ ಮಳೆಗಾಲದಲ್ಲಿ ಸಗಣಿಯ ಹಸಿ ಕುಳ್ಳು ಹಚ್ಚಿದ ಒಲೆ, ಅದರ ಹಿಂದೆ ಆಸ್ಪತ್ರೆಯ ಗಾಯದ ಪಟ್ಟಿ. ಅದಕ್ಕೆ ಮೊದಲ ದಿನ ಮೂರಾಣೆ ಕೊಟ್ಟೆ. ಸಾಹೇಬರು ನಕ್ಕು, ಇನ್ನೂ ನಾಲ್ಕು ಸಲ ನೋಡು ಎಂದರು. ನಾಲ್ಕನೇ ಸಲಕ್ಕೆ ಹದಿಮೂರಾಣೆಗೆ ಹೋಯಿತು. ಯಾಕೆಂದು ನನಗೆ ಗೊತ್ತಿಲ್ಲ. ಕೆಲವು ಮನುಷ್ಯರೂ ಹಾಗೇ ಇರುತ್ತಾರೆ. ನಮ್ಮ ದೇಶದ ಅಗ್ಗದ ವಿಸ್ಕಿ ಹೆಚ್ಚಿನವು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡಿದವು. ಆ ಕಪ್ಪು ಅಂಟು ಪಾಕದ ವಾಸನೆಯನ್ನು ಏನು ಬೆರೆಸಿದರೂ ಮುಚ್ಚಲು ಆಗುವುದಿಲ್ಲ. ಕಬ್ಬಿನ ಲಾರಿ ಹಾದುಹೋಗುವ ಊರಲ್ಲಿ ಬೆಳೆದವರಿಗೆ ಅದು ಗೊತ್ತು.

ಒಂದೇ ಒಂದಕ್ಕೆ ಹದಿನೈದಾಣೆ ಕೊಟ್ಟೆ. ತೀರಾ ಹಳೆಯ ಬಾಟಲಿ, ತಳದಲ್ಲಿ ಎರಡು ಬೆರಳಿತ್ತು.

"ಒಂದಾಣೆ ಯಾಕ ಕಡಿಮಿ?" ಸಾಹೇಬರು ಕೇಳಿದರು.

"ಮುಗದು ಹೊಂಟೈತಲ್ರಿ."

ಅವರು ಅದನ್ನೂ ಡೈರಿಯಲ್ಲಿ ಬರೆದರು.

ನಾನು ಹೇಳಿದ್ದನ್ನೆಲ್ಲ ಬರೆಯುತ್ತಿದ್ದರು. ಒದ್ದೆ ಗೋಣಿಚೀಲ ಎಂದರೆ ಗೋಣಿಚೀಲ, ಹಳೇ ಪತ್ತಲ ಸೀರೆಯ ಟ್ರಂಕು ಎಂದರೆ ಟ್ರಂಕು. ಮಾತು ವಿಸ್ಕಿಯಿಂದ ಬೇರೆ ಕಡೆಗೂ ಹೋಗುತ್ತಿತ್ತು. ಶೆಡ್ಡಿನ ಸುದ್ದಿ ಕೇಳುತ್ತಿದ್ದರು. ಮೂರಕ್ಕೆ ನಾನು ಗ್ಲಾಸು ತೊಳೆದಿಟ್ಟು ಕೋಣೆಗೆ ಹೋದರೆ, ಮರುದಿನ ಎಂಟರ ತನಕ ಯಾರ ಜೊತೆಗೂ ಮಾತಿಲ್ಲ. ಭಾನುವಾರ ಗೆಳೆಯರು ಬರುವುದು ನಿಂತರೆ ಈ ಆಟವೂ ನಿಲ್ಲುತ್ತದೆ, ನನ್ನ ಕುರ್ಚಿಯೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಅವರ ಗುಟ್ಟನ್ನು ಕಾದೆ. ಅವರ ಮೇಲಿನ ಕರುಣೆಗಲ್ಲ.

ಕಾಯುವುದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆವು. ಭಾನುವಾರ ಬಾಟಲಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಗ್ಲಾಸಿಗೆ ಹಾಕಿ, ಮೂಸಿ, ರುಚಿ ನೋಡಿ, ತಂದಿಟ್ಟು, ಅಡುಗೆಯ ವಿಷಯ ಕೇಳುವಂತೆ ಕನ್ನಡದಲ್ಲಿ ಹೇಳುತ್ತಿದ್ದೆ. ಗೆಳೆಯರಿಗೆ ಕನ್ನಡ ಬರುವುದಿಲ್ಲ. "ಸಾಹೇಬ್ರ, ಹನ್ನೆರಡು ರೊಟ್ಟಿ ಬಡೀತೀನ್ರಿ, ಬೆಲ್ಲ ಹಚ್ಚಿ" ಎಂದರೆ ಹನ್ನೆರಡಾಣೆ, ಬೆಲ್ಲದ ವಾಸನೆ. "ಒಲಿಗೆ ಹಸಿ ಕುಳ್ಳ ಇಟ್ಟೀನ್ರಿ" ಎಂದರೆ ಹೊಗೆಯ ವಿಸ್ಕಿ. ಸಾಹೇಬರು "ಹೂಂ, ಮಾಡು" ಎಂದು, ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಇಂಗ್ಲಿಷು ಮರಾಠಿ ಬೆರೆಸಿ ಅದನ್ನೇ ದೊಡ್ಡದು ಮಾಡಿ ಹೇಳುತ್ತಿದ್ದರು. ಮೀಸೆಯವರು "ಅರೇ ವಾ" ಎಂದು ತೊಡೆ ತಟ್ಟುತ್ತಿದ್ದರು. ಒಂದು ಸಲ ಮಾತ್ರ, ಈ ಮನೆಯಲ್ಲಿ ರೊಟ್ಟಿಯ ಸುದ್ದಿ ಇಷ್ಟೇಕೆ, ಒಂದನ್ನೂ ನಮಗೆ ಬಡಿಸುವುದಿಲ್ಲವಲ್ಲ ಮಾವಶಿ, ಎಂದಿದ್ದರು. ಕೆಲಸದವಳನ್ನು ಮರಾಠಿಯವರು ಹಾಗೆ ಚಿಕ್ಕಮ್ಮ ಎಂದೇ ಕರೆಯುವುದು. ರೊಟ್ಟಿ ಎಂಬುದಷ್ಟು ಅವರಿಗೂ ತಿಳಿದಿತ್ತು. ಅವತ್ತು ನಿಜವಾಗಿಯೂ ರೊಟ್ಟಿ ಬಡಿದು ಹಾಕಬೇಕಾಯಿತು.

ನಾನು ಮೊದಲು ಹೇಳಿದ ಆ ಭಾನುವಾರ ಮೀಸೆಯವರು ಒಂದು ಕಟ್ಟಿಗೆಯ ಪೆಟ್ಟಿಗೆ ತಂದರು. ಒಳಗೆ ರೇಷ್ಮೆಬಟ್ಟೆ, ಅದರ ಮೇಲೆ ಬಾಟಲಿ. ಸ್ಕಾಟ್ಲೆಂಡಿನದು, ಮೂವತ್ತು ವರ್ಷ ಪೀಪಾಯಿಯಲ್ಲಿದ್ದದ್ದು, ಅಳಿಯ ತಂದುಕೊಟ್ಟದ್ದು ಎಂದರು. ನಿನ್ನೆಯೇ ತೆರೆದು ಗಾಳಿ ಆಡಲು ಬಿಟ್ಟಿದ್ದೇನೆ ಎಂದರು. ಸಾಹೇಬರು ಪೆಟ್ಟಿಗೆಯನ್ನು ಮಗುವನ್ನು ಹಿಡಿದಂತೆ ಹಿಡಿದರು. ಡಾಕ್ಟರು ಫೋನಿನಲ್ಲಿ ಅದರ ಫೋಟೋ ತೆಗೆದರು.

ಅಡುಗೆಮನೆಯಲ್ಲಿ ಬಿರಡೆ ತೆಗೆದ ಕೂಡಲೇ ಗೊತ್ತಾಯಿತು. ಕಾಕಂಬಿ. ಮೇಲೆ ಸ್ವಲ್ಪ ಪೆಪ್ಪರಮಿಂಟಿನ ಸಿಹಿ, ಕೆಳಗೆ ಗೋಡೆಬಣ್ಣ. ಎರಡು ಹನಿ ನೀರು ಹಾಕಿದೆ, ಇನ್ನಷ್ಟು ಕೆಟ್ಟಿತು. ಸೆರಗು ಮೂಸಿ ಮತ್ತೆ ನೋಡಿದೆ. ಅದೇ. ಮೂರು ಗ್ಲಾಸು ಒಯ್ದಿಟ್ಟೆ.

"ಸಾಹೇಬ್ರ, ಎರಡು ರೊಟ್ಟಿ ಬಡೀತೀನ್ರಿ."

ಅವರು ತಲೆ ಎತ್ತಿದರು. "ಎರಡ?"

"ಎರಡs. ಅದೂ ಕಾಕಂಬಿ ಹಚ್ಚಿ."

ಸಾಹೇಬರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಬಾಟಲಿಯ ಮೇಲಿನ ಬಂಗಾರದ ಅಕ್ಷರ ನೋಡಿದರು. "ಹದಿನಾಲ್ಕ ಮಾಡು" ಎಂದರು.

"ಹಿಟ್ಟು ಎರಡಕ್ಕs ಐತ್ರಿ."

"ಹದಿನಾಲ್ಕ ಮಾಡಂದೆ. ಒಳಗ ಹೋಗು."

ಒಳಗೆ ಹೋಗಿ ಬಾಗಿಲ ಹತ್ತಿರ ನಿಂತೆ. ಸಾಹೇಬರು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಹಳೆಯ ಕಟ್ಟಿಗೆ ಎಂದರು, ಜೇನು ಎಂದರು, ಒಣದ್ರಾಕ್ಷಿ ಎಂದರು. ಆ ಒಣದ್ರಾಕ್ಷಿ ನನ್ನದು, ಬೇರೆ ಬಾಟಲಿಗೆ ನಾನು ಹೇಳಿದ್ದು. ನೂರಕ್ಕೆ ತೊಂಬತ್ತೆರಡು ಎಂದರು. ಮೀಸೆಯವರು ಎಲ್ಲವನ್ನೂ ಹೇಳಲು ಬಿಟ್ಟರು. ಆಮೇಲೆ ಜೇಬಿನಿಂದ ಒಂದು ತಗಡಿನ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟರು. ರಿಕ್ಷಾ ನಿಲ್ದಾಣದ ಹತ್ತಿರ ಸಿಗುವ ಅಗ್ಗದ ವಿಸ್ಕಿಯ ಮುಚ್ಚಳ. ಅಸಲು ವಿಸ್ಕಿಯನ್ನು ಬೇರೆ ಬಾಟಲಿಗೆ ಸುರಿದು ಮನೆಯಲ್ಲಿಟ್ಟಿದ್ದೇನೆ, ತಮಾಷೆಗೆ ಖಾಲಿ ಬಾಟಲಿಗೆ ಇದನ್ನು ತುಂಬಿ ತಂದೆ, ನೀನು ಒಂದೇ ಉಸಿರಿಗೆ ಹಿಡಿಯುತ್ತೀಯ ಎಂದುಕೊಂಡಿದ್ದೆ ಎಂದರು. ಅವರೇನೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅವರ ಮುಖದ ಮೇಲಿನ ನಗೆಯೇ ಅರ್ಧಕ್ಕೆ ನಿಂತಿತ್ತು.

ಸಾಹೇಬರ ಕಿವಿ ಕೆಂಪಗಾಯಿತು. ಅವರು ನಕ್ಕರು. ಆಮೇಲೆ ಮರಾಠಿಯಲ್ಲಿ ಹೇಳಿದರು: "ನನಗೆ ಮೊದಲೇ ಸಂಶಯ ಬಂದಿತ್ತು. ಏನು ಮಾಡಲಿ, ಈ ಕೆಲಸದವಳು ಗ್ಲಾಸು ಸರಿಯಾಗಿ ತೊಳೆಯುವುದಿಲ್ಲ. ಸಾಬೂನಿನ ವಾಸನೆಯಲ್ಲಿ ಏನೂ ತಿಳಿಯಲಿಲ್ಲ."

ಅವರಿಬ್ಬರೂ ಅದನ್ನು ನಂಬಿದರು. ನಂಬಬೇಕೆಂದೇ ಕೂತಿದ್ದರು. ಹೌದಪ್ಪ, ಗ್ಲಾಸು ಮುಖ್ಯ ಎಂದು ಡಾಕ್ಟರು ತಲೆಯಾಡಿಸಿದರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಬೇಕಿದ್ದರೆ ಕನ್ನಡದಲ್ಲಿ ನಾಲ್ಕು ಮಾತು ಬೈಯಬಹುದಿತ್ತು, ರೊಟ್ಟಿಯ ಮಾತು ಎಂದುಕೊಳ್ಳುತ್ತಿದ್ದರು.

ನಾನು ಹೊರಗೆ ಬಂದು ಮರಾಠಿಯಲ್ಲಿ ಹೇಳಿದೆ. "ಮೀ ದೋನ್ ಆಣೆ ಸಾಂಗಿತ್ಲಂ ಹೋತಂ." ನಾನು ಎರಡಾಣೆ ಎಂದು ಹೇಳಿದ್ದೆ. ಗ್ಲಾಸಿಗೆ ಸಾಬೂನು ಮುಟ್ಟಿಸಿಲ್ಲ. ಇವರಿಗೆ ವಾಸನೆಯೇ ಬರುವುದಿಲ್ಲ, ಜ್ವರ ಬಂದಾಗಿನಿಂದ. ಒಂದೂವರೆ ವರ್ಷದಿಂದ ನೀವು ಕೇಳಿದ್ದೆಲ್ಲ ನನ್ನ ಮೂಗು.

ಇಪ್ಪತ್ತೈದು ವರ್ಷದ ರೂಢಿ, ಹೊರಗಿನವರನ್ನು ಕಂಡರೆ ಮರಾಠಿ ಬಾಯಿಗೆ ಬರುತ್ತದೆ, ತಪ್ಪಿ ಬಂತು ಎಂದು ಆಮೇಲೆ ಸಾಹೇಬರಿಗೆ ಹೇಳಿದೆ. ಸುಳ್ಳು. ಗೊತ್ತಿದ್ದೇ ಆಡಿದೆ. ನಾನು ತೊಳೆದದ್ದಕ್ಕೆ ಹೆಸರಿಟ್ಟರು, ಅದಕ್ಕೆ ಆಡಿದೆ.

ಮೀಸೆಯವರು ಎದ್ದು ಕಪಾಟಿನಿಂದ ಬಾಟಲಿ ತೆಗೆದರು, ನನಗೆ ಬೆನ್ನು ಮಾಡಿ ಮೂರು ಗ್ಲಾಸಿಗೆ ಹಾಕಿದರು. "ಕೂಡು ಮಾವಶಿ, ಹೇಳು" ಎಂದರು. ನಾನು ಕೂತೆ. ಸಾಹೇಬರ ಪಕ್ಕದ ಕುರ್ಚಿಯಲ್ಲೇ. ಮೊದಲನೆಯದು ಬರ್ಬನ್, ಹನ್ನೊಂದಾಣೆ. ಎರಡನೆಯದು ಹಸಿ ಕುಳ್ಳಿನದು, ಹದಿಮೂರಾಣೆ. ಮೂರನೆಯದನ್ನು ಮೂಸಿ, "ಇದು ಆಗಿನ ಎರಡಾಣೆಯದೇ, ಮತ್ತೆ ಹಾಕಿದ್ದೀರಿ" ಎಂದೆ. ಇಬ್ಬರೂ ಚಪ್ಪಾಳೆ ಹೊಡೆದರು. ಡಾಕ್ಟರು ನನ್ನ ಮುಂದೆ ಗೋಡಂಬಿಯ ತಟ್ಟೆ ಸರಿಸಿದರು. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದೇಕೆ? ಆಗ ಸಾಹೇಬರ ಕಡೆ ನೋಡಲೂ ಇಲ್ಲ.

ಅವರು ಹೋದ ಮೇಲೆ ನಾನು ಗ್ಲಾಸು ತೊಳೆದು ಬೋರಲು ಹಾಕಿದೆ. ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಿನಗ ನಾ ಏನ್ ಕಡಿಮಿ ಮಾಡಿದ್ದೆ?"

"ನನ್ನ ಮಾತು ನಂಬಲಿಲ್ಲ ನೀವು."

"ಬಾಟ್ಲಿ ನೋಡಿ ಮೋಸ ಹೋದೆ."

"ಬಾಟ್ಲಿ ನೀವು ನೋಡಿದ್ರಿ. ನಾ ನೋಡಲಿಲ್ಲ. ಮತ್ತ ಸಾಬೂನು ಯಾಕ ಅಂದ್ರಿ?"

ಅವರು ಫ್ರಿಜ್ಜಿನ ಬಾಗಿಲನ್ನು ಸುಮ್ಮನೆ ತೆರೆದು ಮುಚ್ಚಿದರು.

"ಅವರ ಮುಂದ ನನ್ನ ಮಾರಿ ಉಳೀಲಿಲ್ಲ" ಎಂದರು. "ಅಡಗಿ ಮಾಡು, ಬ್ಯಾಡ ಅನ್ನೂದಿಲ್ಲ. ಆದ್ರ ಮಾಡಿ ಹೋಗಿಬಿಡು. ಮಧ್ಯಾಹ್ನ ಕೂಡೂದು ಇನ್ನ ಬ್ಯಾಡ."

"ಆತ್ರಿ" ಎಂದೆ. ಬೇರೆ ಏನು ಹೇಳಲಿ? ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ.

ಅವರು ಹೆದರಿದಂತೆ ಆಗಲಿಲ್ಲ. ಗೆಳೆಯರು ಮುಂದಿನ ತಿಂಗಳೂ ಬಂದರು, ಆಮೇಲೂ ಬರುತ್ತ ಹೋದರು. ಮೂಗಿಲ್ಲದ ಸಾಹೇಬರ ಜೊತೆ ಕೂತು ಹರಟಿ ಹೋಗುತ್ತಿದ್ದರು. ಬಾಟಲಿಗಳನ್ನು ಅವರೇ ತೆರೆಯುತ್ತಿದ್ದರು. ಒಂದೆರಡು ಸಲ ಮಾವಶಿ ಎಲ್ಲಿ ಎಂದು ಕೇಳಿದರಂತೆ. ಸಾಹೇಬರು ಭಾನುವಾರ ನನಗೆ ರಜೆ ಮಾಡಿದ್ದರು.

ಆ ಭಾನುವಾರದ ಮರುದಿನ ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡೆ. ಎಂಟಕ್ಕೆ ಹೋಗುವವಳು ಏಳೂವರೆಗೇ ಹೋಗಿ ಗೇಟಿನಲ್ಲಿ ವಾಚ್‌ಮನ್ ಹತ್ತಿರ ನಿಂತೆ. ಯಾವ ಮನೆಯಲ್ಲಾದರೂ ಮಧ್ಯಾಹ್ನ ಎರಡರಿಂದ ಮೂರು ಕೆಲಸ ಇದೆಯೇ ಎಂದು ಕೇಳಿದೆ. ಏನು ಕೆಲಸ ಎಂದ. ಯಾವುದಾದರೂ ಆಗಲಿ ಎಂದೆ. ಅವನು ಯೋಚಿಸಿ, ನಾಲ್ಕನೇ ಮಹಡಿಯಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದಿದ್ದಾಳೆ, ಮಗ್ಗುಲು ಬದಲಿಸಲು ಆಳು ಬೇಕಂತೆ, ಆದರೆ ಅವಳಿಗೆ ಮಾತು ಬಿದ್ದುಹೋಗಿದೆ ಎಂದ. ಆಗಲಿ ಎಂದೆ. ಆಮೇಲೆ ಒಂಬತ್ತನೇ ಮಹಡಿಗೆ ಹೋಗಿ ಸಾಹೇಬರಿಗೆ ಚಹಾ ಇಟ್ಟೆ.